ಹಳೆಯ ಸೆಟ್ಟಿನ ಮೇಲಿನ ದೂರು

ಕೂಡ್ಲಿಗಿ
18 ನವೆಂಬರ್ 2024

ಉಚ್ಚಂಗೆಪ್ಪ ಸರ್ ಅವರಿಗೆ ಪುಷ್ಪಲತಾ ಮಾಡುವ ನಮಸ್ಕಾರಗಳು.

ನೀವು ನಿವೃತ್ತರಾಗಿ ಎರಡೂವರೆ ವರ್ಷವಾಯಿತು. ಈ ನಡುವೆ ಮೂರು ಸಲ ಫೋನ್ ಮಾಡಿದೆ. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೆಯ ಸಲ ಗೀತಮ್ಮನವರು ಎತ್ತಿ, ಯಜಮಾನರು ಮೋಟಾರ್ ರಿಪೇರಿಗೆಂದು ಯಾರದೋ ಹೊಲಕ್ಕೆ ಹೋಗಿದ್ದಾರೆ ಎಂದರು. ಹಿಂದೆ ನೀವು ಕೆಮ್ಮಿದ್ದು ಕೇಳಿಸಿತು. ಅದಕ್ಕೇ ಈ ಕಾಗದ. ಓದದೆ ಹರಿಯಬೇಡಿ, ಇದು ಕೆಲಸದ ವಿಷಯ.

ನಮ್ಮ ವೈರ್‌ಲೆಸ್ ಕೊಠಡಿಗೆ ಡಿಜಿಟಲ್ ಸೆಟ್ಟುಗಳು ಬಂದಿವೆ. ಗುಡೇಕೋಟೆ ಕಡೆ ಕಾಡು ಕಾಯುವ ಹನ್ನೆರಡು ವಾಚರ್‌ಗಳಿಗೂ ಒಂದೊಂದು ಹೊಸ ವಾಕಿಟಾಕಿ ಕೊಟ್ಟಿದ್ದಾರೆ. ಬತ್ತೇರಿ ಗುಡ್ಡದ ತುದಿಯಲ್ಲಿ ನೀವು ಕೂರಿಸಿದ, ಇಷ್ಟು ವರ್ಷ ವಾಚರ್‌ಗಳ ದನಿ ಹಿಡಿದು ನಮ್ಮ ಕೊಠಡಿಗೆ ದಾಟಿಸಿದ ರಿಪೀಟರ್ ಪೆಟ್ಟಿಗೆಯ ಪಕ್ಕದಲ್ಲೇ ಹೊಸದನ್ನೂ ಇಟ್ಟಿದ್ದಾರೆ. ಮಾರ್ಚ್ ಮುಗಿಯುವುದರೊಳಗೆ ಹಳೆಯದನ್ನು ಇಳಿಸಬೇಕಂತೆ.

ಅದಕ್ಕೆ ಮೊದಲು ಎರಡನ್ನೂ ಹೋಲಿಸಿ ನೋಡಿ ವರದಿ ಕೊಡು ಎಂದು ಸಾಹೇಬರು ನನಗೆ ಹೇಳಿದ್ದಾರೆ. ಗುಡ್ಡದ ಯಾವ ಮಗ್ಗುಲಲ್ಲಿ ದನಿ ನಿಲ್ಲುತ್ತದೆ, ಯಾವ ಹಳ್ಳಕ್ಕಿಳಿದರೆ ಸಿಗುವುದಿಲ್ಲ ಎಂಬುದು ಯಾವ ಫೈಲಿನಲ್ಲೂ ಇಲ್ಲ. ನಿಮ್ಮ ತಲೆಯಲ್ಲಿದೆ. ಎಲ್ಲೆಲ್ಲಿ ಪರೀಕ್ಷೆ ಮಾಡಬೇಕೆಂದು ಬರೆದು ತಿಳಿಸುವಿರಾ?

ಗೀತಮ್ಮನವರಿಗೆ ನನ್ನ ನಮಸ್ಕಾರ.

ಇಂತಿ ನಿಮ್ಮ ವಿಶ್ವಾಸಿ,
ಪುಷ್ಪಲತಾ


ತಂಬ್ರಹಳ್ಳಿ
2 ಡಿಸೆಂಬರ್ 2024

ಶ್ರೀಮತಿ ಪುಷ್ಪಲತಾ ಅವರಿಗೆ,

ನಿಮ್ಮ ಪತ್ರ ತಲುಪಿದೆ. ಕೇಳಿದ್ದಕ್ಕಷ್ಟೇ ಉತ್ತರ ಬರೆಯುತ್ತಿದ್ದೇನೆ.

ಬಯಲಿನಲ್ಲಿ ಪರೀಕ್ಷೆ ಮಾಡಬೇಡಿ, ಬಯಲಿನಲ್ಲಿ ಯಾವ ಸೆಟ್ಟಾದರೂ ಮಾತಾಡುತ್ತದೆ. ಗೂಬೆಹಳ್ಳದ ತಿರುವು, ಜೋಗಿಕಲ್ಲಿನ ಹಿಂಬದಿ, ಕಾರೆಮಟ್ಟಿಯ ಬುಡ, ಜೋಡಿಕಲ್ಲಿನ ಕೊರಕಲು, ಈ ನಾಲ್ಕು ಕಡೆ ಹೋಗಿ. ಒಂದೊಂದು ಕಡೆಯೂ ಮೂರು ಸಲ ಮಾತಾಡಿಸಿ. ನಿಂತು ಒಮ್ಮೆ, ಕೂತು ಒಮ್ಮೆ, ನೆಲದ ಮೇಲೆ ಮಲಗಿ ಒಮ್ಮೆ. ಕಷ್ಟದಲ್ಲಿರುವ ಮನುಷ್ಯ ಎದ್ದು ನಿಂತು, ಆಂಟೆನಾ ನೆಟ್ಟಗೆ ಹಿಡಿದು ಮಾತಾಡುವುದಿಲ್ಲ. ಕಂಪನಿಯವರು ತೋರಿಸುವ ಪರೀಕ್ಷೆಯೆಲ್ಲ ನಿಂತವರದು.

ಮಾತಾಡುವವರಿಗೆ ಪಾಠ ಓದಲು ಹೇಳಬೇಡಿ. ಅಂಕಿ ಎಣಿಸಲಿ. ಎಲ್ಲಿ ಕಡಿಯಿತು ಎಂದು ನಿಮಗೇ ತಿಳಿಯುತ್ತದೆ. ಬ್ಯಾಟರಿ ಪೂರ್ತಿ ತುಂಬಿದಾಗ ಒಂದು ದಿನ, ಇಳಿದಾಗ ಇನ್ನೊಂದು ದಿನ ಮಾಡಿ.

ಇಷ್ಟು ಸಾಕೆಂದು ಭಾವಿಸುತ್ತೇನೆ.

ಇತಿ,
ಉಚ್ಚಂಗೆಪ್ಪ
ನಿವೃತ್ತ ವೈರ್‌ಲೆಸ್ ಆಪರೇಟರ್


ಕೂಡ್ಲಿಗಿ
15 ಡಿಸೆಂಬರ್ 2024

ಸರ್, ನಮಸ್ಕಾರಗಳು.

ನೀವು ಹೇಳಿದಂತೆಯೇ ಮಾಡಿದೆವು. ನನ್ನ ಜೊತೆಗೆ ಬಂದವರು ವಾಚರ್ ಮಂಜಮ್ಮ. ನೀವಿದ್ದಾಗ ಇರಲಿಲ್ಲ. ಗುಡೇಕೋಟೆಯವರು, ನಲವತ್ತರ ಹೆಂಗಸು, ಕರಡಿಯ ಹೆಜ್ಜೆ ನೋಡಿ ಹೋದದ್ದು ಯಾವಾಗ ಎಂದು ಹೇಳಬಲ್ಲವರು. ನೆಲದ ಮೇಲೆ ಮಲಗಿ ಎಣಿಸಬೇಕು ಎಂದಾಗ ಬಿದ್ದು ಬಿದ್ದು ನಕ್ಕರು. ಆದರೆ ನಾಲ್ಕು ಕಡೆಯೂ ಮಲಗಿದರು.

ಮೊದಲು ಹೊಸದರ ಒಳ್ಳೆಯದನ್ನು ಹೇಳಿಬಿಡುತ್ತೇನೆ, ಮುಚ್ಚಿಡುವುದು ಸರಿಯಲ್ಲ. ದನಿ ಎಷ್ಟು ಸ್ವಚ್ಛ ಎಂದರೆ ಎದುರಿಗೆ ಕೂತು ಮಾತಾಡಿದಂತೆ. ಕಾರೆಮಟ್ಟಿಯಲ್ಲಿ ಗಾಳಿ ಜೋರಾಗಿ ಬೀಸುತ್ತಿತ್ತು. ಹಳೆಯ ಸೆಟ್ಟಿನಲ್ಲಿ ಗಾಳಿಯೇ ಮಾತಾಡಿದ ಹಾಗಿತ್ತು, ಹೊಸದರಲ್ಲಿ ಮಂಜಮ್ಮನ ದನಿ ಮಾತ್ರ. ಯಾರು ಕರೆದರೂ ಅವರ ಸೆಟ್ಟಿನ ನಂಬರ್ ನಮ್ಮ ಪರದೆಯ ಮೇಲೆ ಬರುತ್ತದೆ, ಎಲ್ಲಿದ್ದಾರೆಂದು ನಕ್ಷೆಯಲ್ಲಿ ಚುಕ್ಕೆ ಕಾಣುತ್ತದೆ. ಒಂದೇ ಚಾನೆಲ್ಲಿನಲ್ಲಿ ಇಬ್ಬಿಬ್ಬರು ಬೇರೆ ಬೇರೆ ಮಾತಾಡಬಹುದು. ಬ್ಯಾಟರಿ ಸಂಜೆಯವರೆಗೆ ಬರುತ್ತದೆ.

ಇನ್ನು ಜೋಡಿಕಲ್ಲಿನ ಕೊರಕಲು. ಹೊಸ ಸೆಟ್ಟಿನಲ್ಲಿ ಮಂಜಮ್ಮ ನಿಂತು ಎಣಿಸಿದಾಗ ಸ್ಪಷ್ಟವಾಗಿತ್ತು. ಕೂತಾಗಲೂ ಸ್ಪಷ್ಟ. ಮಲಗಿದ ಕೂಡಲೇ ದನಿ ತಗಡು ಅಲುಗಿದಂತಾಗಿ ನಿಂತೇಹೋಯಿತು. ಸದ್ದೂ ಇಲ್ಲ, ಪರದೆಯಲ್ಲಿ ನಂಬರೂ ಇಲ್ಲ. ಆಮೇಲೆ ಹಳೆಯ ಸೆಟ್ಟಿನಲ್ಲಿ ಅದೇ ಜಾಗದಲ್ಲಿ ಮಲಗಿ ಎಣಿಸಿದರು. ಸುರ್ ಎನ್ನುವ ಗದ್ದಲದ ಒಳಗಿಂದ "ಏಳು... ಎಂಟು..." ಎನ್ನುವುದು ಸಿಕ್ಕಿತು. ಹತ್ತರಲ್ಲಿ ಆರು ಅಂಕಿ ನಾನು ಹಿಡಿದೆ.

ಇದನ್ನು ಸಾಹೇಬರಿಗೆ ತೋರಿಸಿ, ಹಳೆಯ ಪೆಟ್ಟಿಗೆಯೂ ಇರಲಿ ಎಂದು ಕೇಳಿದೆ. ಅವರು ಫೈಲು ತೆಗೆದು, 2022ರ ಬೆಂಕಿಯ ವಿಚಾರಣೆಯಲ್ಲಿ ಹಳೆಯ ಸೆಟ್ಟು ನಂಬಲಿಕ್ಕೆ ಯೋಗ್ಯವಲ್ಲ ಎಂದು ಬರೆದಿದೆಯಲ್ಲ, ಈಗ ಬೇಕು ಎನ್ನುತ್ತೀಯಲ್ಲ ಎಂದರು. ತಪ್ಪಿಲ್ಲ ಅವರದು.

ಆ ವರದಿ ಬರೆದದ್ದು ಯಾರೆಂದು ನಿಮಗೆ ಗೊತ್ತಿದೆ.

ಇಂತಿ,
ಪುಷ್ಪಲತಾ


ತಂಬ್ರಹಳ್ಳಿ
28 ಡಿಸೆಂಬರ್ 2024

ಪುಷ್ಪಾ,

ಬಹುವಚನದಲ್ಲಿ ಬರೆಯಲು ಕೂತು ಎರಡು ಹಾಳೆ ಹರಿದೆ. ಹನ್ನೊಂದು ವರ್ಷ ಒಂದೇ ಕೊಠಡಿಯಲ್ಲಿ ಕೂತು ಕೆಲಸ ಕಲಿಸಿದವಳಿಗೆ ಅದು ನನ್ನಿಂದಾಗದು.

ಜೋಡಿಕಲ್ಲಿನಲ್ಲಿ ನಡೆದದ್ದಕ್ಕೆ ಕಾರಣ ಸರಳ. ಹೊಸ ಸೆಟ್ಟು ದನಿಯನ್ನು ಅಂಕಿಗಳಾಗಿ ಮಾಡಿ ಕಳಿಸುತ್ತದೆ. ಸಾಕಷ್ಟು ಅಂಕಿ ತಲುಪಿದರೆ ಪೂರ್ತಿ ದನಿ ಮತ್ತೆ ಕಟ್ಟಿಕೊಳ್ಳುತ್ತದೆ, ಒಂದಿಷ್ಟು ಕಡಿಮೆಯಾದರೂ ಕಟ್ಟುವುದನ್ನೇ ಬಿಡುತ್ತದೆ. ಹಳೆಯದು ದನಿಯನ್ನು ಇದ್ದ ಹಾಗೆ ಕಳಿಸುತ್ತದೆ. ದೂರವಾದಂತೆ ಗದ್ದಲ ಸೇರುತ್ತದೆ, ಸವೆಯುತ್ತದೆ, ಆದರೆ ಕೊನೆಯ ಎಳೆಯವರೆಗೂ ಏನೋ ಒಂದು ಬರುತ್ತಿರುತ್ತದೆ. ಆ ಪೆಟ್ಟಿಗೆಯನ್ನು, ಎಷ್ಟೇ ಕ್ಷೀಣವಾಗಿ ಬಂದದ್ದನ್ನೂ ಹಿಡಿದು ದಾಟಿಸುವಂತೆ ನಾನೇ ಹೊಂದಿಸಿಟ್ಟಿದ್ದೇನೆ. ಮಾತಾಡದೆ ಬರೀ ಗುಂಡಿ ಒತ್ತಿದರೂ ಈ ಕಡೆ ಟಕ್ ಎಂದು ಗೊತ್ತಾಗುತ್ತದೆ. ಹೊಸ ವಾಕಿಟಾಕಿಗಳಲ್ಲಿ ಒಂದು ಚಾನೆಲ್ಲನ್ನು ಹಳೆಯ ರೀತಿಗೆ ಹೊಂದಿಸಲು ಬರುತ್ತದೆ. ಕಂಪನಿಯವರನ್ನು ಕೇಳು, ಅರ್ಧ ದಿನದ ಕೆಲಸ.

ಇನ್ನು ವರದಿಯ ಮಾತು. 2022ರ ಮಾರ್ಚ್ 11, ಮಧ್ಯಾಹ್ನ. ಜೋಡಿಕಲ್ಲಿನಲ್ಲಿ ಬೆಂಕಿ ಬಿದ್ದಿದೆ ಎಂದು ವಾಚರ್ ದೊಡ್ಡಬೀರಪ್ಪ ವೈರ್‌ಲೆಸ್‌ನಲ್ಲಿ ಕೂಗಿದ. ನಾನು ಜೋಗಿಕಲ್ಲು ಎಂದು ಬರೆದುಕೊಂಡು ತಂಡವನ್ನು ಅತ್ತ ಕಳಿಸಿದೆ. ಎಂಟು ಕಿಲೋಮೀಟರ್ ತಪ್ಪು ದಾರಿ. ಅವರು ತಿರುಗಿ ಬರುವಷ್ಟರಲ್ಲಿ ಒಬ್ಬನೇ ಸೊಪ್ಪು ಹಿಡಿದು ಬೆಂಕಿ ಬಡಿಯುತ್ತಿದ್ದ ದೊಡ್ಡಬೀರಪ್ಪನ ಎರಡೂ ಕೈ ಸುಟ್ಟಿದ್ದವು. ವಿಚಾರಣೆಯಲ್ಲಿ ನೀನು, ಸೆಟ್ಟಿನ ಗದ್ದಲದಿಂದ ಜಾಗದ ಹೆಸರು ಕೇಳಿಸಲಿಲ್ಲ, ಸೆಟ್ಟು ಹಳತಾಗಿದೆ ಎಂದು ಬರೆದೆ.

ಆ ಸೆಟ್ಟನ್ನು ಹಿಂದಿನ ದಿನವಷ್ಟೇ ನಾನು ಬಿಚ್ಚಿ ಒರೆಸಿ ಸರಿಮಾಡಿದ್ದೆ. ಅದರಲ್ಲಿ ಏನೂ ಕುಂದಿರಲಿಲ್ಲ. ನನ್ನ ಕೈಯಲ್ಲಿ ಬೆಳೆದ ಯಂತ್ರದ ಮೇಲೆ ನೀನೇ ದೂರು ಬರೆದೆ. ಯಾಕೆ ಎಂದು ಎರಡೂವರೆ ವರ್ಷದಿಂದ ಕೇಳಬೇಕೆಂದಿದ್ದೆ. ಈಗ ಕೇಳಿದ್ದೇನೆ.

ಇತಿ,
ಉಚ್ಚಂಗೆಪ್ಪ


ಕೊಟ್ಟೂರು
10 ಜನವರಿ 2025

ಸರ್,

ಇದನ್ನು ಕಚೇರಿಯಲ್ಲಿ ಬರೆಯಲು ಆಗಲಿಲ್ಲ. ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಯಾಕೆ ಎಂದರೆ, ಆವತ್ತು ಕೇಳಿಸದೇ ಹೋದದ್ದು ಸೆಟ್ಟಿಗಲ್ಲ, ನಿಮಗೆ. ಅದನ್ನು ಬರೆಯಲು ನನಗೆ ಕೈ ಬರಲಿಲ್ಲ. ನಿಮ್ಮ ನಿವೃತ್ತಿಗೆ ಎರಡು ತಿಂಗಳಿತ್ತು. ಮೂವತ್ತು ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತವರ ಹೆಸರಿನ ಮುಂದೆ 'ಕಿವುಡು' ಎಂದು ನಾನು ಬರೆಯಬೇಕಿತ್ತೆ? ಯಂತ್ರಕ್ಕೆ ಮಾನ ಹೋಗುವುದಿಲ್ಲ ಎಂದುಕೊಂಡೆ.

ನಿಮ್ಮ ಕಿವಿ ಮಂದವಾಗಿದ್ದು ನನಗೆ ಒಂದು ವರ್ಷ ಮೊದಲೇ ತಿಳಿದಿತ್ತು. ಎಡಗಡೆಯಿಂದ ಕರೆದರೆ ನೀವು ತಿರುಗುತ್ತಿರಲಿಲ್ಲ. ಒಮ್ಮೆ ನೀವು ತಪ್ಪಾಗಿ ಬರೆದುಕೊಂಡ ನಂಬರನ್ನು ನಾನು ಎಲ್ಲರೆದುರು ತಿದ್ದಿದೆ. ಆ ದಿನ ನೀವು ಊಟದ ಡಬ್ಬಿ ತೆರೆಯದೆ ಹಾಗೇ ಮನೆಗೆ ಒಯ್ದಿರಿ. ಆಮೇಲಿಂದ ನಾನು ತಿದ್ದುವುದನ್ನು ಬಿಟ್ಟೆ. ಗುಟ್ಟಾಗಿ ರಿಜಿಸ್ಟರಿನಲ್ಲಿ ಸರಿಮಾಡುತ್ತಿದ್ದೆ.

ಇನ್ನೊಂದು ಮಾತಿದೆ. ಇದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಮಾರ್ಚ್ 11ರಂದು ನಾನು ಪಕ್ಕದ ಮೇಜಿನಲ್ಲಿದ್ದೆ. ದೊಡ್ಡಬೀರಪ್ಪ 'ಜೋಡಿಕಲ್ಲು' ಎಂದದ್ದು ನನಗೆ ಸರಿಯಾಗಿ ಕೇಳಿಸಿತು. ನೀವು 'ಜೋಗಿಕಲ್ಲು' ಎಂದು ತಂಡಕ್ಕೆ ಹೇಳಿದ್ದೂ ಕೇಳಿಸಿತು. ನಾನು ಬಾಯಿ ಬಿಡಲಿಲ್ಲ. ಆ ತೆರೆಯದ ಡಬ್ಬಿ ಕಣ್ಣ ಮುಂದೆ ಬಂತು. ನಾನೇ ತಪ್ಪು ಕೇಳಿಸಿಕೊಂಡಿರಬಹುದು ಎಂದು ಮನಸ್ಸಿಗೆ ಹೇಳಿಕೊಂಡೆ. ಗಡಿಯಾರ ನೋಡುತ್ತ ಎಂಟು ನಿಮಿಷ ಕೂತಿದ್ದೆ. ಆಮೇಲೆ, ಆಗಷ್ಟೇ ಹೊಳೆದಂತೆ ಹೇಳಿದೆ. ಅಷ್ಟರಲ್ಲಿ ಜೀಪು ಜೋಗಿಕಲ್ಲಿನ ದಾರಿಯಲ್ಲಿ ದೂರ ಹೋಗಿತ್ತು.

ಸೆಟ್ಟಿನ ಮೇಲೆ ದೂರು ಬರೆದಾಗ ನಿಮ್ಮನ್ನು ಉಳಿಸುತ್ತಿದ್ದೇನೆ ಎಂದುಕೊಂಡಿದ್ದೆ. ನನ್ನನ್ನೂ ಉಳಿಸಿಕೊಳ್ಳುತ್ತಿದ್ದೆ.

ಈಗ ಅದೇ ದೂರಿನಿಂದ ಬತ್ತೇರಿ ಗುಡ್ಡದ ಪೆಟ್ಟಿಗೆ ಇಳಿಯುತ್ತಿದೆ. ಜೋಡಿಕಲ್ಲಿನ ಕೊರಕಲಲ್ಲಿ ಮೊಬೈಲೂ ಸಿಗುವುದಿಲ್ಲ. ಬೆಂಕಿಯ ದಿನಗಳು ಹತ್ತಿರ ಬಂದಿವೆ. ಏನು ಮಾಡಲಿ ಎಂದು ನಿಮ್ಮನ್ನು ಕೇಳುವ ಹಕ್ಕೂ ನನಗಿಲ್ಲ.

ಪುಷ್ಪಲತಾ


ತಂಬ್ರಹಳ್ಳಿ
3 ಮಾರ್ಚ್ 2025

ಪುಷ್ಪಾ,

ನಿನ್ನ ಕಾಗದಕ್ಕೆ ಏಳು ವಾರ ಉತ್ತರ ಬರೆಯಲಿಲ್ಲ. ಮೊದಲು ಸಿಟ್ಟು ಬಂತು. ಆಮೇಲೆ ಕಾಗದವನ್ನು ಮೋಟಾರಿನ ಸ್ಟಾರ್ಟರ್ ಡಬ್ಬದೊಳಗೆ ಅಡಗಿಸಿಟ್ಟೆ. ಗೀತಾ ಕಸ ಹೊಡೆಯುವಾಗ ಹುಡುಕಿ ಓದಿದಳು. ಮರುದಿನ ಬೆಳಗ್ಗೆ ಸೀರೆ ಬದಲಿಸಿ ಬಂದು ಬಾಗಿಲಲ್ಲಿ ನಿಂತು, "ನಡೀರಿ, ಕಿವಿ ಡಾಕ್ಟರ ಹತ್ರ ಹೋಗೂಣು. ಎಂಟು ವರ್ಷ ಆತು ನಾ ಕೂಗಿ ಕೂಗಿ ಮಾತಾಡಾಕ ಹತ್ತಿ" ಎಂದಳು. ಎಂಟು ವರ್ಷ. ನಿನಗಿಂತ ಮೊದಲೇ ಅವಳಿಗೆ ಗೊತ್ತಿತ್ತು.

ಹೊಸಪೇಟೆಗೆ ಹೋಗಿ ಬಂದೆವು. ಎಡಗಿವಿ ಮುಕ್ಕಾಲು ಹೋಗಿದೆ, ಬಲಗಿವಿ ಅರ್ಧ. ಕಿವಿಗೆ ಯಂತ್ರ ಹಾಕಿಸಬೇಕಂತೆ.

ಇದರೊಂದಿಗೆ ಒಂದು ಪ್ರತಿ ಇಟ್ಟಿದ್ದೇನೆ. ಮೂಲವನ್ನು ನಿಮ್ಮ ಸಾಹೇಬರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಆ ದಿನ ಸೆಟ್ಟು ಸರಿಯಾಗಿತ್ತು, ನನ್ನ ಶ್ರವಣ ಸರಿಯಿರಲಿಲ್ಲ, ಅದನ್ನು ನಾನು ಮುಚ್ಚಿಟ್ಟು ಕೆಲಸದಲ್ಲಿ ಮುಂದುವರಿದೆ, ತಪ್ಪು ನನ್ನದು ಎಂದು ಬರೆದಿದ್ದೇನೆ. ಹೊಸ ಸೆಟ್ಟುಗಳು ಒಳ್ಳೆಯವೇ, ಅವು ಇರಲಿ, ಆದರೆ ಹಳೆಯ ಪೆಟ್ಟಿಗೆಯನ್ನು ಈ ಕಾರಣಕ್ಕೆ ಇಳಿಸಬಾರದು ಎಂದೂ ಬರೆದಿದ್ದೇನೆ.

ನಿನ್ನ ಎಂಟು ನಿಮಿಷದ ಮಾತು ಅದರಲ್ಲಿಲ್ಲ. ಅದನ್ನು ಹೇಳುವುದೂ ಬಿಡುವುದೂ ನಿನ್ನದು.

ಇತಿ,
ಉಚ್ಚಂಗೆಪ್ಪ


ಕೂಡ್ಲಿಗಿ
20 ಮೇ 2025

ಸರ್, ನಮಸ್ಕಾರಗಳು.

ನಡುವೆ ಬರೆಯಲಿಲ್ಲ, ಕ್ಷಮಿಸಿ. ಹೇಳುವುದು ತುಂಬಾ ಇದೆ.

ನಿಮ್ಮ ಕಾಗದ ಬಂದ ದಿನ ಸಾಹೇಬರು ಅದನ್ನು ಎರಡು ಸಲ ಓದಿದರು. ಅವರು ಕೇಳುವ ಮೊದಲೇ ನಾನು ನನ್ನ ಎಂಟು ನಿಮಿಷವನ್ನೂ ಹೇಳಿಬಿಟ್ಟೆ. ನನ್ನ ಸೇವಾ ಪುಸ್ತಕದಲ್ಲಿ ಒಂದು ಎಚ್ಚರಿಕೆ ದಾಖಲಾಗಿದೆ. ಆಗಲೇಬೇಕಿತ್ತು. ಆದರೆ ಹಳೆಯ ಪೆಟ್ಟಿಗೆಯನ್ನು ಮಳೆಗಾಲದವರೆಗೆ ಇಳಿಸುವುದು ಬೇಡ, ನೋಡೋಣ ಎಂದರು. ಕಂಪನಿಯವರು ಬಂದು ಎಲ್ಲ ಹೊಸ ವಾಕಿಟಾಕಿಗಳಲ್ಲೂ ಹದಿನಾರನೆಯ ಚಾನೆಲ್ಲನ್ನು ಹಳೆಯ ರೀತಿಗೆ ಹೊಂದಿಸಿಕೊಟ್ಟರು. ದನಿ ನಿಂತರೆ ಚಾನೆಲ್ಲಿನ ಗುಂಡಿಯನ್ನು ಪೂರ್ತಿ ತಿರುಗಿಸಿ ಹದಿನಾರಕ್ಕೆ ಬರಬೇಕೆಂದು ವಾಚರ್‌ಗಳಿಗೆ ಹೇಳಿಕೊಟ್ಟೆ.

ಕಳೆದ ಬುಧವಾರ, ಮೇ 14. ಮಧ್ಯಾಹ್ನ ಮೂರೂಮುಕ್ಕಾಲು. ಪರದೆಯ ಮೇಲೆ ಏಳು ಎಂಬ ನಂಬರ್ ಒಂದು ಕ್ಷಣ ಬಂದು ಹೋಯಿತು. ಮಾತಿಲ್ಲ. ಅದು ಮಂಜಮ್ಮನ ಸೆಟ್ಟು. ಕರೆದೆ, ಉತ್ತರವಿಲ್ಲ. ನಕ್ಷೆಯಲ್ಲಿ ಅವರ ಚುಕ್ಕೆ ಮುಕ್ಕಾಲು ಗಂಟೆ ಹಿಂದಿನದು, ಗೂಬೆಹಳ್ಳದಲ್ಲಿ. ಆ ಮುಕ್ಕಾಲು ಗಂಟೆಯಲ್ಲಿ ಅವರು ಯಾವ ದಿಕ್ಕಿಗಾದರೂ ನಡೆದಿರಬಹುದು. ಹಳೆಯ ಸೆಟ್ಟಿನ ದನಿ ಏರಿಸಿಟ್ಟು ಕೂತೆ. ಎರಡು ನಿಮಿಷದಲ್ಲಿ ಟಕ್ ಎಂದಿತು. ಸುರ್ ಎಂದು ಗದ್ದಲ ಬಂದು ನಿಂತಿತು. ಮತ್ತೆ ಟಕ್.

ಮಾತಾಡುತ್ತಿಲ್ಲ, ಬರೀ ಒತ್ತುತ್ತಿದ್ದಾರೆ. ಮಾತಾಡಲು ಆಗದ ಸ್ಥಿತಿಯಲ್ಲಿದ್ದಾರೆ ಎಂದು ನನಗೆ ಹೊಳೆಯಿತು. ನಾನು ಕೂಗಿದರೆ ಆ ಕಡೆ ಏನಾಗುತ್ತದೋ ಎಂದು ದನಿ ತಗ್ಗಿಸಿ ಹೇಳಿದೆ.

"ಮಂಜಮ್ಮ, ನೀವಾ? ಹೌದಾದ್ರ ಒಂದ್ ಸಲ ಒತ್ರಿ. ಅಲ್ಲಾದ್ರ ಎರಡು ಸಲ."

ಒಂದು ಸಲ.

ಪೆಟ್ಟಾಗಿದೆಯೇ? ಒಂದು ಸಲ. ಹತ್ತಿರ ಕರಡಿ ಇದೆಯೇ? ಒಂದು ಸಲ. ಆಮೇಲೆ ಜಾಗದ ಹೆಸರುಗಳನ್ನು ಒಂದೊಂದಾಗಿ, ಬಿಡಿಸಿ ಬಿಡಿಸಿ ಹೇಳುತ್ತ ಬಂದೆ. ಗೂಬೆಹಳ್ಳ, ಎರಡು ಸಲ. ಕಾರೆಮಟ್ಟಿ, ಎರಡು ಸಲ. ಜೋಗಿಕಲ್ಲು. ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಎರಡು ಸಲ. ಜೋಡಿಕಲ್ಲು ಎಂದಾಗ ಒಂದೇ ಸಲ ಒತ್ತಿ ಬಿಟ್ಟರು. ನಾನು ಮತ್ತೊಮ್ಮೆ ಕೇಳಿದೆ. ಒಂದೇ ಸಲ.

ಹೊಸ ಸೆಟ್ಟಿನಲ್ಲಿ ದೊಡ್ಡಬೀರಪ್ಪನ ತಂಡವನ್ನು ಕರೆದೆ. ಅವರು ಎಲ್ಲಿದ್ದಾರೆಂದು ನಕ್ಷೆಯಲ್ಲೇ ಕಂಡಿತು, ಹತ್ತಿರದ ದಾರಿ ಹೇಳಿದೆ. ಅವರು ತಮಟೆ ಬಡಿಯುತ್ತ, ಪಟಾಕಿ ಹಚ್ಚುತ್ತ ಹೋದರು. ಎರಡು ಮರಿಗಳ ತಾಯಿ ಕರಡಿ ಬಂಡೆಯ ಸೀಳಿನ ಬಾಯಲ್ಲೇ ಕೂತಿತ್ತಂತೆ. ಸದ್ದಿಗೆ ಮರಿಗಳನ್ನು ಬೆನ್ನ ಮೇಲೆ ಹತ್ತಿಸಿಕೊಂಡು ಇಳಿದುಹೋಯಿತು. ಮಂಜಮ್ಮ ಅದರಿಂದ ತಪ್ಪಿಸಿಕೊಳ್ಳಲು ಸೀಳಿನೊಳಗೆ ಜಾರಿ ಕಾಲು ಮುರಿದುಕೊಂಡಿದ್ದರು. ಸೆಟ್ಟಿನ ದನಿ ಪೂರ್ತಿ ತಗ್ಗಿಸಿ ಕಿವಿಗೊತ್ತಿಕೊಂಡು ಒಂದೂಕಾಲು ಗಂಟೆ ಮಲಗಿದ್ದರು.

ಆಸ್ಪತ್ರೆಯಲ್ಲಿ ನೋಡಿಬಂದೆ. ಕಾಲಿಗೆ ಪಟ್ಟಿ ಹಾಕಿದ್ದಾರೆ, ಜೀವಕ್ಕೆ ಏನೂ ಇಲ್ಲ. "ನೀವು ಒಂದೊಂದ ಜಾಗ ಕೇಳ್ತಿದ್ರಲ್ಲ, ಜೋಗಿಕಲ್ಲು ಅಂದಾಗ ನನಗ ಜೋಡಿಕಲ್ಲು ಅಂತ ಕೇಳಿಸ್ತು. ಒತ್ತಾಕ ಹೋದೆ. ಆಮ್ಯಾಲ ತಡೆದೆ" ಎಂದರು. ನಾನು ಅಲ್ಲೇ ಕುರ್ಚಿಯಲ್ಲಿ ಕುಸಿದು ಅತ್ತೆ. ಯಾಕೆಂದು ಅವರಿಗೆ ತಿಳಿಯಲಿಲ್ಲ.

ಹೊಸ ಸೆಟ್ಟು ಇರದಿದ್ದರೆ ಯಾರೆಂದು ತಿಳಿಯುತ್ತಿರಲಿಲ್ಲ, ತಂಡ ಅಷ್ಟು ಬೇಗ ಮುಟ್ಟುತ್ತಲೂ ಇರಲಿಲ್ಲ. ಹಳೆಯದು ಇರದಿದ್ದರೆ ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. ವರದಿಯಲ್ಲಿ ಇಷ್ಟೇ ಬರೆದೆ. ಸಾಹೇಬರು ಮಾರ್ಪಾಡಿಲ್ಲದೆ ಸಹಿ ಹಾಕಿ ಮೇಲಕ್ಕೆ ಕಳಿಸಿದ್ದಾರೆ.

ಇಂತಿ ನಿಮ್ಮ,
ಪುಷ್ಪಲತಾ


ತಂಬ್ರಹಳ್ಳಿ
8 ಜೂನ್ 2025

ಚಿರಂಜೀವಿ ಸೌಭಾಗ್ಯವತಿ ಪುಷ್ಪಲತಾಳಿಗೆ ಉಚ್ಚಂಗೆಪ್ಪನ ಆಶೀರ್ವಾದಗಳು.

ನಿನ್ನ ಕಾಗದವನ್ನು ಗೀತಾ ಗಟ್ಟಿಯಾಗಿ ಓದಿ ಹೇಳಿ ಎಂದಳು. ಅರ್ಧ ಓದಿ ಕಾಗದವನ್ನು ಅವಳ ಕೈಗಿಟ್ಟೆ. ಉಳಿದದ್ದನ್ನು ಅವಳೇ ಓದಿದಳು.

ಹೋದ ಭಾನುವಾರ ನನ್ನ ಮೋಟಾರ್ ರಿಪೇರಿ ಅಂಗಡಿಯ ಮುಂದೆ ಒಂದು ಬೈಕು ನಿಂತಿತು. ಇಳಿದವನು ದೊಡ್ಡಬೀರಪ್ಪ. ಬೆಂಕಿಯ ನಂತರ ನಾನು ಅವನ ಮುಖ ನೋಡಿರಲಿಲ್ಲ. ಆಸ್ಪತ್ರೆಗೂ ಹೋಗಿರಲಿಲ್ಲ. ಹೋಗಿ ಏನು ಹೇಳಬೇಕಿತ್ತು? ಅವನು ಒಳಗೆ ಬಂದು ಸ್ಟೂಲಿನ ಮೇಲೆ ಕೂತ. ಕೈಗಳನ್ನು ನೋಡಿದೆ. ಚರ್ಮ ಸುಕ್ಕುಗಟ್ಟಿ ಹೊಳೆಯುತ್ತದೆ, ಬಲಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಗೀತಾ ಕೊಟ್ಟ ಚಹಾದ ಲೋಟವನ್ನು ಎರಡೂ ಅಂಗೈ ನಡುವೆ ಹಿಡಿದು ಕುಡಿದ.

ನಾನು ಸಾಹೇಬರಿಗೆ ಬರೆದ ವಿಷಯ ಅವನಿಗೆ ತಿಳಿದಿತ್ತು. ನಾನೇ ಮಾತು ತೆಗೆದೆ. ನನ್ನ ಕಿವಿಯಿಂದಾಗಿ ನಿನಗೆ ಹೀಗಾಯಿತು, ಮುಚ್ಚಿಟ್ಟೆ, ತಪ್ಪಾಯಿತು ಎಂದೆ. ಅವನು ಲೋಟ ಕೆಳಗಿಟ್ಟ. ಆಮೇಲೆ ಹೇಳಿದ:

"ಸರ, ನಿಮಗ ಕಿವಿ ಮಂದ ಅದಾವ ಅನ್ನೋದು ನಮಗೆಲ್ಲಾ ಗೊತ್ತಿತ್ತು. ಅದಕ್ಕ ನಾವು ವಾಚರ್‌ಗಳು ಮಾತಾಡಿಕೊಂಡಿದ್ವಿ, ಉಚ್ಚಂಗೆಪ್ಪ ಸರ್ ಕುಂತಾಗ ಜಾಗದ ಹೆಸರು ಎರಡೆರಡು ಸಲ ಹೇಳಬೇಕು ಅಂತ. ಮೂರು ವರ್ಷ ಹಂಗ ಹೇಳಿದ್ವಿ. ಆವತ್ತು ಹೊಗಿ ಕುಡದು ಕೆಮ್ಮು ಬಂತು, ನಾ ಒಂದ ಸಲ ಹೇಳಿದೆ. ನನಗೂ ಅದು ಕಾಡ್ತತಿ."

ಪುಷ್ಪಾ, ನಾನು ಯಾರಿಗೂ ಗೊತ್ತಿಲ್ಲ ಎಂದುಕೊಂಡು ಬಾಗಿಲು ಹಾಕಿಕೊಂಡು ಕೂತಿದ್ದೆ. ನೀನು ರಿಜಿಸ್ಟರ್ ತಿದ್ದುತ್ತಿದ್ದೆ, ಗೀತಾ ಕೂಗಿ ಮಾತಾಡುತ್ತಿದ್ದಳು, ಗುಡ್ಡದ ಮೇಲಿನ ಹನ್ನೆರಡು ಜನ ಬಿಸಿಲಲ್ಲಿ ನಿಂತು ಒಂದೊಂದು ಹೆಸರನ್ನೂ ಎರಡು ಸಲ ಹೇಳುತ್ತಿದ್ದರು. ಯಾರಾದರೂ ಒಬ್ಬರು ನನ್ನ ಮುಖಕ್ಕೆ ಹೇಳಿದ್ದರೆ ಆವತ್ತೇ ಮೇಜು ಬಿಟ್ಟು ಏಳುತ್ತಿದ್ದೆನೋ, ಅಥವಾ ಜಗಳ ಮಾಡುತ್ತಿದ್ದೆನೋ. ಜಗಳವನ್ನೇ ಮಾಡುತ್ತಿದ್ದೆ ಎನಿಸುತ್ತದೆ. ನಿನ್ನನ್ನು ದೂರುವುದಕ್ಕೆ ನನ್ನಲ್ಲಿ ಏನೂ ಉಳಿದಿಲ್ಲ.

ದೊಡ್ಡಬೀರಪ್ಪ ತನ್ನ ಹೊಸ ವಾಕಿಟಾಕಿಯನ್ನು ತಂದಿದ್ದ. ಇಲ್ಲಿಗೆ ನಿಮ್ಮ ಗುಡ್ಡದ ರಿಪೀಟರ್ ಎಲ್ಲಿ ಸಿಗಬೇಕು. ಅವನು ಜೊತೆಗಾರನ ಸೆಟ್ಟನ್ನೂ ಇಸಿದುಕೊಂಡು ಬಂದಿದ್ದ, ಒಂದನ್ನು ನನ್ನ ಕೈಗಿಟ್ಟು ಇನ್ನೊಂದನ್ನು ಹಿಡಿದು ಬಸ್ ನಿಲ್ದಾಣದವರೆಗೆ ನಡೆದುಹೋದ. ಅಲ್ಲಿಂದ ನೇರವಾಗಿ ಸೆಟ್ಟಿನಿಂದ ಸೆಟ್ಟಿಗೇ ಮಾತಾಡಿದ. ಕಿವಿಗೆ ಯಂತ್ರ ಹಾಕಿಸಿ ಹದಿನೈದು ದಿನವಾಗಿದೆ, ಹಳೆಯ ಸೆಟ್ಟಿನ ಗದ್ದಲ ಅದರೊಳಗೆ ಹೊಕ್ಕರೆ ನನಗೆ ಈಗಲೂ ಏನೂ ತಿಳಿಯುವುದಿಲ್ಲ. ಆದರೆ ಹೊಸದರಲ್ಲಿ ಗದ್ದಲವೇ ಇಲ್ಲ. ಅವನು ಅಂದದ್ದು ಅಕ್ಷರ ಅಕ್ಷರ ಕೇಳಿಸಿತು. ಒಂದೇ ಸಲ ಹೇಳಿದ್ದ. ಡಿಜಿಟಲ್ಲನ್ನು ಬೈದುಕೊಂಡು ತಿರುಗಿದ್ದವನು ನಾನು. ನನ್ನಂಥವನಿಗೇ ಅದು ಬೇಕಿತ್ತು ನೋಡು.

ಮಳೆ ಹಿಡಿಯುವ ಮೊದಲು ವಾಚರ್‌ಗಳಿಗೆಲ್ಲ ಮೂರು ದಿನ ಎರಡೂ ಬಗೆಯ ಸೆಟ್ಟಿನ ತರಬೇತಿ ಕೊಡಲು ಬರಬೇಕೆಂದು ನಿಮ್ಮ ಸಾಹೇಬರು ಪತ್ರ ಕಳಿಸಿದ್ದಾರೆ. ಮೊದಲು ಬೇಡ ಎಂದು ಬರೆಯಲು ಕೂತೆ. ಗೀತಾ ಪೆನ್ನು ಕಿತ್ತುಕೊಂಡಳು. ಬರುತ್ತೇನೆ ಎಂದು ಬರೆದು ನಿನ್ನೆ ಅಂಚೆಗೆ ಹಾಕಿದೆ. ನಾನು ಪಾಠ ಹೇಳುವಾಗ ನೀನು ನನ್ನ ಬಲಗಡೆ ಕೂರಬೇಕು. ಯಾರಾದರೂ ಕೇಳಿದ ಪ್ರಶ್ನೆ ನನಗೆ ತಿಳಿಯದಿದ್ದರೆ ಎಲ್ಲರೆದುರು ಹೇಳು, ಗುಟ್ಟಾಗಿ ಬೇಡ. ಮಂಜಮ್ಮನಿಗೆ ನಡೆಯಲು ಆಗದಿದ್ದರೆ ಮೊದಲನೆಯ ದಿನವೇ ಅವರ ಮನೆಯ ಕಟ್ಟೆಯ ಮೇಲೆ ಪಾಠ ಇಟ್ಟುಕೊಳ್ಳೋಣ. ಮೂವರು ವಾಚರ್‌ಗಳು ಹೊಸಬರಂತೆ, ಅವರನ್ನೂ ಕರೆ.

ಬುಧವಾರ, 18ರಂದು, ಹತ್ತು ಗಂಟೆಯ ಬಸ್ಸಿಗೆ ಕೂಡ್ಲಿಗಿಯಲ್ಲಿ ಇಳಿಯುತ್ತೇನೆ. ಗೀತಾ ನಿನಗೆಂದು ಹೋಳಿಗೆ ಕಟ್ಟಿಕೊಡುತ್ತಾಳಂತೆ, ಮಧ್ಯಾಹ್ನ ಊಟ ಜೊತೆಗೇ ಮಾಡೋಣ.

ಇಂತಿ,
ಉಚ್ಚಂಗೆಪ್ಪ